ಕ್ಯಾಮೆರಾ ಆಫ್, ಮಾತೂ ಆಫ್

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಗೋಳು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಮನೆಗಳಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಬೇರೆ ಬೇರೆ ಊರಿನವರ ಜೊತೆ ಕೆಲಸ ಮಾಡುವವರು ಬರೆದಿದ್ದಾರೆ. ಬೆಂಗಳೂರಿನ ಬಾಡಿಗೆ ಉಳಿಯಿತು, ಬೆಳಗಿನ ರೈಲಿನಲ್ಲಿ ನಿಂತುಕೊಂಡು ಹೋಗುವುದು ತಪ್ಪಿತು, ಆದರೆ ಜೊತೆಗಿರುವವರು ಯಾರೋ ಏನೋ ಅನ್ನುವ ಹಾಗಾಗಿದೆ ಅಂತ. ಅವುಗಳಲ್ಲಿ ಆರು ಪತ್ರ ಆರಿಸಿಕೊಂಡಿದ್ದೇನೆ. ಯಾರ ಹೆಸರೂ ಹಾಕಿಲ್ಲ, ಬರೆದವರೇ ಬೇಡ ಅಂದಿದ್ದಾರೆ.

ಪ್ರಶ್ನೆ: ಅಕ್ಕಾ, ನಾನು ತುಮಕೂರಿನವನು. ಅಮೆರಿಕದ ಆಸ್ಪತ್ರೆಗಳ ಬಿಲ್ಲಿಂಗ್ ಕೆಲಸ, ನೈಟ್ ಶಿಫ್ಟ್. ಏಳು ಜನರ ಟೀಮ್‌ಗೆ ನಾನೇ ಲೀಡ್. ಒಬ್ಬರು ಹುಬ್ಬಳ್ಳಿ, ಇಬ್ಬರು ಚೆನ್ನೈ, ಮಿಕ್ಕವರು ಇಲ್ಲೇ ಸುತ್ತಮುತ್ತ. ಪ್ರತಿ ಶುಕ್ರವಾರ ಆನ್‌ಲೈನ್ ಆಟ ಆಡಿಸ್ತೀನಿ, ಕ್ವಿಜ್ ಮಾಡ್ತೀನಿ. ಒಬ್ಬರೂ ಕ್ಯಾಮೆರಾ ಹಾಕಲ್ಲ. ಏನು ಕೇಳಿದರೂ 'ಓಕೆ' ಅಂತ ಒಂದು ಪದ. ಟೀಮ್‌ನಲ್ಲಿ ಕೆಮಿಸ್ಟ್ರಿ ಅನ್ನೋದು ಬರೋದು ಹೇಗೆ?

ಮೊದಲು ಆ ಶುಕ್ರವಾರದ ಆಟ ನಿಲ್ಲಿಸಿಬಿಡಿ. ಬೈಯುತ್ತಿಲ್ಲ, ನಾನೂ ಆಡಿಸಿದ್ದೇನೆ. ರಾತ್ರಿಯೆಲ್ಲ ವಿಮೆ ಕ್ಲೇಮ್ ನೋಡಿ ನೋಡಿ ಕಣ್ಣು ಉರಿಯುತ್ತಿರುವವನನ್ನು ಬೆಳಗಿನ ಜಾವ ಮೂರೂವರೆಗೆ ಕೂರಿಸಿಕೊಂಡು ನಿಮ್ಮ ಮೆಚ್ಚಿನ ನಟನ ಥರ ಮಾಡಿ ತೋರಿಸಿ ಅಂದರೆ ಅವನು ಮಾಡುತ್ತಾನೆ, ಲೀಡ್ ಹೇಳಿದರಲ್ಲ ಅಂತ. ಮನಸ್ಸಿನಲ್ಲಿ ಮಾತ್ರ 'ಯಾವಾಗಪ್ಪಾ ಮುಗಿಯುತ್ತೆ' ಅಂದುಕೊಳ್ಳುತ್ತಿರುತ್ತಾನೆ. ಸಲಿಗೆ ಇರುವ ಕಡೆ ಯಾರೋ ಒಬ್ಬ ತಾನಾಗೇ ತಮಾಷೆ ಶುರು ಮಾಡುತ್ತಾನೆ, ಅದಕ್ಕೆ ಕ್ಯಾಲೆಂಡರ್‌ನಲ್ಲಿ ಜಾಗ ಕಾದಿರಿಸಬೇಕಾಗಿಲ್ಲ.

ಕ್ಯಾಮೆರಾ ವಿಷಯಕ್ಕೂ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೈಲೆನ್ಸನ್ ಎಂಬ ಪ್ರೊಫೆಸರ್ 2021ರಲ್ಲಿ ವಿಡಿಯೊ ಕಾಲ್ ಯಾಕೆ ಇಷ್ಟು ಸುಸ್ತು ಮಾಡುತ್ತದೆ ಅಂತ ಬರೆದರು. ಎಲ್ಲರ ಮುಖ ಮೂಗಿನ ಹತ್ತಿರ ಬಂದು ದಿಟ್ಟಿಸಿದ ಹಾಗಿರುತ್ತದೆ, ನಮ್ಮ ಮುಖ ನಮಗೇ ಗಂಟೆಗಟ್ಟಲೆ ಕಾಣುತ್ತಿರುತ್ತದೆ, ಕೂತ ಜಾಗದಿಂದ ಅಲ್ಲಾಡುವ ಹಾಗಿಲ್ಲ, ತಲೆಯಾಡಿಸುವುದನ್ನೂ ಬೇಕಂತಲೇ ಜಾಸ್ತಿ ಮಾಡಿ ತೋರಿಸಬೇಕು. ಇಡೀ ದಿನ ಕನ್ನಡಿ ಮುಂದೆ ಕೂತು ಯಾರಾದರೂ ಕೆಲಸ ಮಾಡುತ್ತಾರಾ? ಮನೆ ಕಥೆ ಬೇರೆ ಇರುತ್ತದೆ. ಹಿಂದುಗಡೆ ಅಜ್ಜಿ ಮಲಗಿರುತ್ತಾರೆ, ಗೋಡೆ ಸುಣ್ಣ ಉದುರಿರುತ್ತದೆ, ಇರುವುದೇ ಒಂದು ರೂಮು. ವಾರಕ್ಕೊಮ್ಮೆ ಒಂದು ಹತ್ತು ನಿಮಿಷ, ಆಗುವವರು ಮಾತ್ರ ಹಾಕಲಿ. ತಮ್ಮ ಮುಖ ತಮಗೆ ಕಾಣದ ಹಾಗೆ ಮುಚ್ಚಿಡುವ ಆಯ್ಕೆ ಆ ಆ್ಯಪ್‌ಗಳಲ್ಲೇ ಇದೆ, ಅದನ್ನೂ ಹೇಳಿಕೊಡಿ.

ಈಗ ಆ 'ಓಕೆ'ಗೆ ಬರೋಣ. ನಿಮ್ಮ ಪತ್ರದಲ್ಲಿ ನನಗೆ ಭಯ ಹುಟ್ಟಿಸಿದ್ದು ಅದೇ. ನಿಮ್ಮ ಟೀಮ್‌ನಲ್ಲಿ ಯಾರಾದರೂ ಕೊನೆಯ ಸಲ 'ಇದು ನಂದೇ ತಪ್ಪು' ಅಂತ ಹೇಳಿದ್ದು ಯಾವಾಗ? ನೆನಪು ಮಾಡಿಕೊಳ್ಳಿ. ನೆನಪಿಗೆ ಬರಲಿಲ್ಲ ಅಂದರೆ ಯಾರೂ ತಪ್ಪು ಮಾಡುತ್ತಿಲ್ಲ ಅಂತ ಅರ್ಥ ಅಲ್ಲ.

ನನ್ನದೇ ಕಥೆ ಹೇಳುತ್ತೇನೆ, ನಾಚಿಕೆ ಬಿಟ್ಟು. ಹಿಂದೆ ಒಂದು ಕಂಪನಿಯಲ್ಲಿ ಒಂಬತ್ತು ಜನರಿಗೆ ಲೀಡ್ ಆಗಿದ್ದೆ, ಎಲ್ಲರೂ ಅವರವರ ಮನೆಯಿಂದಲೇ ಕೆಲಸ. ಒಂದು ದಿನ ಯಾರೋ ಹಿಂದಿನ ತಿಂಗಳ ಶೀಟ್ ಅನ್ನು ಕ್ಲೈಂಟ್‌ಗೆ ಕಳಿಸಿಬಿಟ್ಟಿದ್ದರು. ಮೇಲಿನಿಂದ ನನಗೆ ಬೈಗುಳ ಬಂತು. ನಾನು ಹಿಂದೆ ಮುಂದೆ ನೋಡದೆ ಗ್ರೂಪಿನಲ್ಲಿ 'ಇದನ್ನು ಮಾಡಿದ್ದು ಯಾರು???' ಅಂತ ಹಾಕಿದೆ. ಮೂರು ಪ್ರಶ್ನೆ ಚಿಹ್ನೆ. ಒಬ್ಬೊಬ್ಬರೇ ನೋಡಿದ ಗುರುತು ಬರುತ್ತಾ ಹೋಯಿತು, ಐದು, ಆರು, ಎಂಟು. ಉತ್ತರ ಇಲ್ಲ. 'ಟೈಪಿಂಗ್' ಅಂತ ಒಂದು ಸಲ ತೋರಿಸಿತು, ಅದೂ ನಿಂತಿತು. ಅರ್ಧ ಗಂಟೆ ಬಿಟ್ಟು ಒಬ್ಬ ಹುಡುಗಿ ನನಗೊಬ್ಬಳಿಗೇ 'ಸಾರಿ ಅಕ್ಕಾ' ಅಂತ ಕಳಿಸಿದಳು. ಆವತ್ತು ನಾನು ಗೆದ್ದೆ ಅಂದುಕೊಂಡೆ. ಮೂರು ವಾರ ಆದ ಮೇಲೆ ಇನ್ನೂ ದೊಡ್ಡ ಎಡವಟ್ಟು ಆಯಿತು. ವಿಚಾರಿಸಿದರೆ, ಅದು ಇಬ್ಬರಿಗೆ ಎರಡು ದಿನ ಮೊದಲೇ ಕಣ್ಣಿಗೆ ಬಿದ್ದಿತ್ತಂತೆ! ಯಾಕ್ರಪ್ಪಾ ಹೇಳಲಿಲ್ಲ ಅಂದರೆ ಒಬ್ಬ ಮೆಲ್ಲಗೆ ಅಂದ: 'ಹೇಳಿದ್ರೆ ಆಮೇಲೆ ನಾವೇ ಗ್ರೂಪಲ್ಲಿ ಬರ್ತೀವಿ ಅಂತ ಸುಮ್ನಿದ್ವಿ ಅಕ್ಕಾ.'

ನಮ್ಮಲ್ಲಿ ಇಲ್ಲದೇ ಹೋದದ್ದು ಹೆದರದೆ ತಪ್ಪು ಹೇಳಿಕೊಳ್ಳುವ ಧೈರ್ಯ. ಇದಕ್ಕೆ ಪುಸ್ತಕದ ಹೆಸರೂ ಇದೆ, ಮಾನಸಿಕ ಸುರಕ್ಷತೆ ಅಂತ. ಹಾರ್ವರ್ಡ್‌ನ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಯ ತಂಡಗಳನ್ನು ನೋಡುತ್ತಿದ್ದರು. ಒಳ್ಳೆಯ ತಂಡದಲ್ಲಿ ಔಷಧಿ ಕೊಡುವಾಗ ತಪ್ಪು ಕಡಿಮೆ ಇರುತ್ತದೆ ಅಂತ ಅಂದುಕೊಂಡು ಹೋದರೆ ಲೆಕ್ಕ ಉಲ್ಟಾ ಬಂತು, ಒಳ್ಳೆಯ ತಂಡಗಳಲ್ಲೇ ತಪ್ಪು ಜಾಸ್ತಿ ದಾಖಲಾಗಿತ್ತು. ಆಮೇಲೆ ಗೊತ್ತಾಗಿದ್ದು, ಆ ತಂಡದವರು ತಪ್ಪನ್ನು ಬಾಯಿಬಿಟ್ಟು ಹೇಳುತ್ತಿದ್ದರು, ಮಿಕ್ಕವರು ಮುಚ್ಚಿಡುತ್ತಿದ್ದರು. 1999ರಲ್ಲಿ ಅವರು ಇದರ ಮೇಲೆ ಬರೆದ ಪ್ರಬಂಧ ಹೆಸರಾಯಿತು. ಗೂಗಲ್ ಕೂಡ 2012ರಲ್ಲಿ ಶುರು ಮಾಡಿ ತನ್ನ ಸುಮಾರು 180 ತಂಡಗಳನ್ನು ಅಳೆದು ತೂಗಿ, ಬುದ್ಧಿವಂತರನ್ನು ಒಟ್ಟಿಗೆ ಹಾಕಿದ ಮಾತ್ರಕ್ಕೆ ಏನೂ ಆಗಲ್ಲ, ಹೆದರದೆ ಬಾಯಿ ಬಿಡುವ ಹಾಗಿದೆಯಾ ಅನ್ನುವುದೇ ಎಲ್ಲಕ್ಕಿಂತ ಮುಖ್ಯ ಅನ್ನುವಲ್ಲಿಗೆ ಬಂದು ನಿಂತಿತು.

ನಾನು ಮಾಡಿದ್ದು ಇಷ್ಟೇ. ಸೋಮವಾರದ ಕಾಲ್ ಅನ್ನು 'ಹೋದ ವಾರ ನಾನು ಕೆಡಿಸಿದ್ದು' ಅಂತ ನನ್ನಿಂದಲೇ ಶುರು ಮಾಡಿದೆ. ಸುಳ್ಳು ಸುಳ್ಳು ಸಣ್ಣ ತಪ್ಪು ಹೇಳಲಿಲ್ಲ, ನಿಜವಾದದ್ದೇ ಹೇಳಿದೆ, ಒಂದು ಸಲ ಇಡೀ ಟೀಮಿನ ರಜೆ ಲೆಕ್ಕವನ್ನೇ ತಪ್ಪಾಗಿ ಕಳಿಸಿದ್ದೆ. ಮೂರು ವಾರ ನನ್ನೊಬ್ಬಳದೇ ಭಜನೆ. ನಾಲ್ಕನೇ ವಾರ ಒಬ್ಬ ಹುಡುಗ 'ನಂದೂ ಒಂದಿದೆ' ಅಂದ. ಆ ಕ್ಷಣಕ್ಕೆ ನೀವು ಹೇಗೆ ನಡೆದುಕೊಳ್ಳುತ್ತೀರಿ ನೋಡಿ, ಅದರ ಮೇಲೆ ಮುಂದಿನ ಆರು ತಿಂಗಳು ನಿಂತಿರುತ್ತದೆ. ಬೈದರೆ ಮುಗಿಯಿತು. 'ಪರವಾಗಿಲ್ಲ ಬಿಡು' ಅಂತ ತೇಲಿಸಿದರೂ ಪ್ರಯೋಜನ ಇಲ್ಲ. 'ಒಳ್ಳೇದಾಯ್ತು ಹೇಳಿದ್ದು, ಬಾ ಕೂತು ಸರಿ ಮಾಡೋಣ' ಅಂತ ಅಲ್ಲೇ ಕೈ ಹಾಕಬೇಕು.

ಇನ್ನೊಂದು. ನಮ್ಮ ಕಡೆ ರಾಗಿ ಕಳೆ ತೆಗೆಯಲು ಮುಯ್ಯಾಳು ಹೋಗುವುದು ನಿಮಗೆ ಗೊತ್ತಿರಬೇಕು, ನಿಮ್ಮ ಅಮ್ಮನಿಗಂತೂ ಖಂಡಿತ ಗೊತ್ತಿರುತ್ತದೆ. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು, ಕೂಲಿ ಲೆಕ್ಕ ಇಲ್ಲ. ಆ ಹೆಂಗಸರಿಗೆ ಯಾರೂ ಆಟ ಆಡಿಸಿ ಹತ್ತಿರ ಮಾಡಲಿಲ್ಲ. ತೀರಿಸಬೇಕಾದ ಮುಯ್ಯಿ ಒಂದು ಸದಾ ಬಾಕಿ ಇರುತ್ತಿತ್ತು, ಅದು ಅವರನ್ನು ಹಿಡಿದಿಟ್ಟಿತ್ತು. ನಿಮ್ಮ ಟೀಮ್‌ನಲ್ಲಿ ಕ್ಲೇಮ್ ತಿರಸ್ಕಾರ ಆಗಿ ವಾಪಸ್ ಬಂದಾಗ ಹುಬ್ಬಳ್ಳಿಯವರದ್ದನ್ನು ಚೆನ್ನೈಯವರು ಒಂದು ಸಲ ನೋಡಲಿ, ಮುಂದಿನ ಸಲ ಅವರದ್ದನ್ನು ಇವರು ನೋಡಲಿ. ವಾರಕ್ಕೆ ಒಂದೇ ಒಂದು ಸಾಕು. ಜೋಡಿ ಬದಲಾಗುತ್ತಾ ಇರಲಿ. ಎರಡು ತಿಂಗಳು ಬಿಟ್ಟು ಬರೆಯಿರಿ ನನಗೆ.

ಪ್ರಶ್ನೆ: ಮೇಡಂ, ನಾನು ಶಿಡ್ಲಘಟ್ಟದವಳು. ಕೆಲಸಕ್ಕೆ ಸೇರಿ ಆರು ತಿಂಗಳು, ಟೀಮಿನವರು ಯಾರನ್ನೂ ನೋಡಿಲ್ಲ. ಓದಿದ್ದು ಕನ್ನಡ ಮೀಡಿಯಂ. ಅವರು ಇಂಗ್ಲಿಷ್, ಹಿಂದಿಯಲ್ಲಿ ತಮಾಷೆ ಮಾಡಿಕೊಳ್ತಾರೆ. ನಮ್ಮದು ರೇಷ್ಮೆ ರೀಲಿಂಗ್ ಮನೆ, ಹಿಂದೆ ಮೆಷಿನ್ ಶಬ್ದ ಇರುತ್ತೆ, ಅದಕ್ಕೆ ಯಾವಾಗಲೂ ಮ್ಯೂಟ್‌ನಲ್ಲೇ ಇರ್ತೀನಿ. ಹೊರಗಿನವಳ ಥರ ಅನ್ನಿಸುತ್ತೆ.

ಆ ಶಬ್ದಕ್ಕೆ ಯಾಕಮ್ಮಾ ಮುಜುಗರ? ಒಂದು ದಿನ ಮ್ಯೂಟ್ ತೆಗೆದು 'ಕ್ಷಮಿಸಿ, ಹಿಂದೆ ಕೇಳಿಸುತ್ತಿರುವುದು ರೇಷ್ಮೆ ನೂಲು ತೆಗೆಯುವ ಮೆಷಿನ್' ಅಂತ ಹೇಳಿ ನೋಡಿ. ಗೂಡನ್ನು ಬಿಸಿನೀರಿಗೆ ಹಾಕಿ ಎಳೆ ಹಿಡಿಯುವುದು ಹೇಗೆ, ಒಂದು ಗೂಡಿನಲ್ಲಿ ನೂರಾರು ಮೀಟರ್ ಎಳೆ ಇರುತ್ತದೆ ಅನ್ನುವುದು ಆ ಕಡೆ ಕೂತವರಲ್ಲಿ ಎಷ್ಟು ಜನಕ್ಕೆ ಗೊತ್ತು? ಸೀರೆ ಉಡುವವರಿಗೂ ಗೊತ್ತಿರಲ್ಲ. ನಾಳೆಯಿಂದ ಅವರಿಗೆ ನೀವು ಪರದೆಯ ಮೇಲಿನ ಎರಡು ಇಂಗ್ಲಿಷ್ ಅಕ್ಷರ ಅಲ್ಲ, ಶಿಡ್ಲಘಟ್ಟದ ರೇಷ್ಮೆ ಮನೆಯ ಹುಡುಗಿ. ಯಾರಾದರೂ ಒಬ್ಬರು ಫೋಟೊ ಕೇಳೇ ಕೇಳುತ್ತಾರೆ.

ಭಾಷೆ ವಿಷಯ. ಎಲ್ಲರ ಜೊತೆ ಒಟ್ಟಿಗೇ ಸಲಿಗೆ ಬೆಳೆಸಲು ಹೋಗಬೇಡಿ, ಒಬ್ಬರನ್ನು ಹಿಡಿಯಿರಿ. ಹತ್ತು ಜನರ ಕಾಲ್‌ನಲ್ಲಿ ಬಾಯಿ ಬಿಡಲು ನನಗೂ ಕಷ್ಟವೇ. ಆದರೆ ಒಬ್ಬರಿಗೆ 'ಈ ಫೈಲಿನಲ್ಲಿ ಇದು ಅರ್ಥ ಆಗ್ತಿಲ್ಲ, ಐದು ನಿಮಿಷ ಸಿಗ್ತೀರಾ?' ಅಂತ ಕಳಿಸಬಹುದು. ಸಣ್ಣದು ಕೇಳಿ, ಅವರು ಐದು ನಿಮಿಷದಲ್ಲಿ ಹೇಳಿಕೊಡುವಂಥದ್ದು. ಕೇಳಿದರೆ ದಡ್ಡಿ ಅಂದುಕೊಳ್ಳುತ್ತಾರೆ ಅಂತ ನೀವು ಸುಮ್ಮನಿದ್ದೀರಿ, ಅವರು ನೋಡಿದರೆ ಈ ಹುಡುಗಿಗೆ ನಮ್ಮ ಜೊತೆ ಮಾತೇ ಬೇಡವೇನೋ ಅಂದುಕೊಂಡು ಸುಮ್ಮನಿರುತ್ತಾರೆ. ಹಿಂದಿ ತಮಾಷೆ ಅರ್ಥ ಆಗದಿದ್ದರೆ 'ಅರ್ಥ ಆಗಲಿಲ್ಲ, ಹೇಳಿ' ಅನ್ನಿ. ಬಿಡಿಸಿ ಹೇಳಿದ ತಮಾಷೆ ಸಪ್ಪೆಯಾಗುತ್ತದೆ ನಿಜ, ಆಗಲಿ ಬಿಡಿ.

ಇದರಲ್ಲಿ ನಿಮ್ಮ ಲೀಡ್‌ದೂ ತಪ್ಪಿದೆ. ಹೊಸಬರು ಸೇರಿದ ದಿನವೇ 'ಏನೇ ಇದ್ದರೂ ಇವರನ್ನು ಕೇಳು' ಅಂತ ಒಬ್ಬರನ್ನು ತೋರಿಸಬೇಕಿತ್ತು. ಈಗಲೂ ಕೇಳಬಹುದು, ತಡ ಆಗಿಲ್ಲ.

ಪ್ರಶ್ನೆ: ಕೋಲಾರದಿಂದ. ನನ್ನ ಜೊತೆಯವನು ಮೊದಲು ಚೆನ್ನಾಗಿದ್ದ. ಈಗ ಮೆಸೇಜ್ ಎಲ್ಲ ಖಾರ. 'ಇದು ಇನ್ನೂ ಆಗಿಲ್ವಾ.' 'ನೋಡಿ ಹೇಳಿ.' ನಾನೂ ಹಾಗೇ ಕೊಡ್ತಿದ್ದೀನಿ. ಮಾತು ಬಿಟ್ಟು ಹದಿನೈದು ದಿನ ಆಯ್ತು.

ಫೋನ್ ಮಾಡಿ. ಈ ಪುಟ ಓದಿ ಮುಗಿಸುವ ಮೊದಲೇ ಮಾಡಿ ಅಂದರೂ ತಪ್ಪಿಲ್ಲ.

'ಇದು ಇನ್ನೂ ಆಗಿಲ್ವಾ' ಅನ್ನುವುದನ್ನು ಜೋರಾಗಿ ನಾಲ್ಕು ಥರ ಓದಿ ನೋಡಿ. ಒಂದು ಸಲ ಬೈದ ಹಾಗೆ, ಒಂದು ಸಲ ಕಾಳಜಿಯಿಂದ, ಒಂದು ಸಲ ಅವಸರದಲ್ಲಿ, ಒಂದು ಸಲ ನಗುತ್ತಾ. ಅವನು ಯಾವುದನ್ನು ಬರೆದನೋ, ನೀವು ಯಾವುದನ್ನು ಓದಿದಿರೋ. ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಎಂಬ ಮನಶ್ಶಾಸ್ತ್ರಜ್ಞರು ಮತ್ತವರ ಜೊತೆಯವರು 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದನ್ನೇ ನೋಡಿದರು. ಜನರಿಗೆ ಕೆಲವು ಮಾತನ್ನು ವ್ಯಂಗ್ಯವಾಗಿ, ಕೆಲವನ್ನು ಗಂಭೀರವಾಗಿ ಇಮೇಲ್‌ನಲ್ಲಿ ಕಳಿಸಲು ಹೇಳಿದರು. ಬರೆದವರಿಗೆ ಓದುವವರು ಹಿಡಿದೇ ಹಿಡಿಯುತ್ತಾರೆ ಅನ್ನುವ ಭರವಸೆ. ಓದಿದವರು ಹಿಡಿದದ್ದು ಹೆಚ್ಚುಕಡಿಮೆ ನಾಣ್ಯ ಚಿಮ್ಮಿ ಹೇಳಿದಷ್ಟೇ. ಅದೇ ಮಾತನ್ನು ಧ್ವನಿಯಲ್ಲಿ ಕೇಳಿಸಿದಾಗ ಎಷ್ಟೋ ಮೇಲು. ಬರೆಯುವಾಗ ನಮ್ಮ ತಲೆಯೊಳಗೆ ನಮ್ಮ ದನಿ ಕೇಳಿಸುತ್ತಿರುತ್ತದಲ್ಲ, ಅದು ಅವರಿಗೂ ಕೇಳಿಸುತ್ತದೆ ಅಂದುಕೊಂಡುಬಿಡುತ್ತೇವೆ.

ಫೋನಿನಲ್ಲಿ ಮೊದಲೇ ಲೆಕ್ಕ ಕೇಳಬೇಡಿ. ಮನೇಲಿ ಎಲ್ಲ ಹೇಗಿದ್ದಾರೆ ಅಂತ ಕೇಳಿ, ಸುಮ್ಮನೆ ಕಾಯಿರಿ. ಅವನ ಮನೆಯಲ್ಲಿ ಏನಾಗಿದೆಯೋ ನಿಮಗೆ ಗೊತ್ತಿಲ್ಲ. ನಿಮ್ಮ ಕೋಲಾರದ ಕಡೆಯವನೇ ಆಗಿದ್ದರೆ, ಮನೇಲಿ ತೆಲುಗು, ಆಫೀಸಿನಲ್ಲಿ ಇಂಗ್ಲಿಷು ಅನ್ನುವ ಹಾಗಿದ್ದರೆ, ಅವನಿಗೆ ಸಲೀಸಾದ ಭಾಷೆಯಲ್ಲೇ ಮಾತಾಡಿ. ಇಂಗ್ಲಿಷ್ ಮೆಸೇಜಿನ ಬಿಗುವು ಅರ್ಧ ಅಲ್ಲೇ ಇಳಿಯುತ್ತದೆ. ನಿಜವಾಗಿಯೂ ಅವನಿಗೆ ನಿಮ್ಮ ಮೇಲೆ ಸಿಟ್ಟಿದ್ದರೆ ಅದೂ ಗೊತ್ತಾಗುತ್ತದೆ, ಅದೂ ಒಳ್ಳೆಯದೇ.

ಪ್ರಶ್ನೆ: ನಮ್ಮದು ಮಾಲೂರು. ಎಂಟು ಜನರ ಟೀಮ್, ಮೀಟಿಂಗಲ್ಲಿ ಇಬ್ಬರೇ ಮಾತಾಡ್ತಾರೆ, ಕೆಲಸ ನಾವು ಮೂವರೇ ಮಾಡ್ತೀವಿ. ಮಿಕ್ಕವರು 'ಸೂಪರ್ ಟೀಮ್ ವರ್ಕ್' ಅಂತ ಚಪ್ಪಾಳೆ ಚಿತ್ರ ಹಾಕ್ತಾರೆ. ಏನ್ ಮಾಡೋಣ?

ಚಪ್ಪಾಳೆ ಅಂದಿರಲ್ಲ, ನಗು ಬಂತು. 1979ರಲ್ಲಿ ಅಮೆರಿಕದಲ್ಲಿ ಲಟಾನೆ ಎಂಬ ಮನಶ್ಶಾಸ್ತ್ರಜ್ಞ ಮತ್ತು ಅವರ ಜೊತೆಯವರು ಜನರನ್ನು ಕೂರಿಸಿ ಜೋರಾಗಿ ಚಪ್ಪಾಳೆ ತಟ್ಟಿ, ಕೂಗಿ ಅಂದರು. ಗುಂಪು ದೊಡ್ಡದಾದಷ್ಟೂ ತಲಾ ಸದ್ದು ಕಡಿಮೆಯಾಯಿತು. ಅದಕ್ಕೂ ಮೊದಲು ರಿಂಗೆಲ್‌ಮನ್ ಎಂಬ ಫ್ರಾನ್ಸಿನ ಕೃಷಿ ಎಂಜಿನಿಯರ್ ಹಗ್ಗ ಎಳೆಸಿ ಇದನ್ನೇ ಕಂಡಿದ್ದ, 1913ರಲ್ಲಿ ಬರೆದ. ಎಂಟು ಜನ ಸೇರಿ ಎಳೆದರೆ ತಲಾ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ನಿಮ್ಮ ಟೀಮೂ ಎಂಟೇ ಅಲ್ವಾ! ಎಲ್ಲರೂ ಸೋಮಾರಿಗಳು ಅಂತಲ್ಲ. ನನ್ನ ಪಾಲು ಯಾರಿಗೂ ಕಾಣಲ್ಲ ಅನ್ನಿಸಿದ ಕೂಡಲೇ ಕೈ ತಾನಾಗೇ ಸಡಿಲ ಆಗುತ್ತದೆ. ಯಾರದ್ದು ಎಷ್ಟು ಅಂತ ಕಾಣುವ ಹಾಗೆ ಮಾಡಿದಾಗ ಮೈಗಳ್ಳತನ ಇಳಿದದ್ದೂ ಆಮೇಲಿನ ಪ್ರಯೋಗಗಳಲ್ಲಿ ಕಂಡಿದೆ. ಹಾಗಾಗಿ 'ನಾವೆಲ್ಲ ಸೇರಿ ಮಾಡೋಣ' ಅನ್ನುವ ಮಾತನ್ನು ನಿಮ್ಮ ಗ್ರೂಪಿನಿಂದ ಓಡಿಸಿ. ಒಂದು ಕೆಲಸ, ಒಂದು ಹೆಸರು, ಒಂದು ದಿನಾಂಕ. ಶೀಟ್‌ನಲ್ಲಿ ಎಲ್ಲರಿಗೂ ಕಾಣಲಿ.

ಮೀಟಿಂಗ್‌ಗೆ ನಿಮ್ಮ ಸೀಮೆಯವರೇ ಆದ ನೀರುಗಂಟಿಯನ್ನು ನೆನಪಿಸಿಕೊಳ್ಳಿ. ಕೆರೆ ತೂಬು ಎತ್ತಿ ಅಚ್ಚುಕಟ್ಟಿಗೆ ಸರದಿ ಪ್ರಕಾರ ನೀರು ಬಿಡುತ್ತಿದ್ದವನು. ತೂಬಿನ ಪಕ್ಕದ ಗದ್ದೆಯವನೇ ಎಲ್ಲ ಹೀರಿಕೊಂಡರೆ ಕೊನೆಯವನ ಪೈರು ಒಣಗುತ್ತದೆ, ಅದಕ್ಕೇ ಒಬ್ಬ ಕಾಯಬೇಕಿತ್ತು. ನಿಮ್ಮ ಮೀಟಿಂಗ್‌ನಲ್ಲೂ ವಾರಕ್ಕೊಬ್ಬರು ನೀರುಗಂಟಿ ಆಗಲಿ. 'ನೀವಾಯ್ತು, ಈಗ ಅವರು' ಅಂತ ಹೇಳುವುದಷ್ಟೇ ಅವರ ಕೆಲಸ. ಇದು ಬರೀ ಮರ್ಯಾದೆಯ ಮಾತಲ್ಲ. ಅನಿಟಾ ವೂಲಿ ಎಂಬ ಸಂಶೋಧಕಿ ಮತ್ತವರ ಜೊತೆಯವರು 699 ಜನರನ್ನು ಸಣ್ಣ ಗುಂಪುಗಳಾಗಿ ಮಾಡಿ ನೋಡಿ 2010ರಲ್ಲಿ ಬರೆದದ್ದಿದೆ: ಗುಂಪು ಚುರುಕಾಗಿತ್ತಾ ಇಲ್ಲವಾ ಅನ್ನುವುದು ಅದರೊಳಗಿನ ಅತಿ ಜಾಣನ ಜಾಣತನದ ಮೇಲೆ ಅಷ್ಟಾಗಿ ನಿಂತಿರಲಿಲ್ಲ. ಎಲ್ಲರಿಗೂ ಮಾತಿನ ಸರದಿ ಸಿಗುತ್ತಿತ್ತಾ, ಇನ್ನೊಬ್ಬರ ಮನಸ್ಸು ಓದುವವರು ಇದ್ದರಾ ಅನ್ನುವುದರ ಮೇಲೆ ನಿಂತಿತ್ತು.

ಆ ಇಬ್ಬರು ಮಾತುಗಾರರನ್ನೇ ಮೊದಲ ನೀರುಗಂಟಿ ಮಾಡಿ, ಮಜಾ ನೋಡಿ.

ಪ್ರಶ್ನೆ: ಆನ್‌ಲೈನ್ ಟೀಮ್ ಆದರೂ ಎದುರುಬದುರು ಸೇರಲೇಬೇಕಾ? ಖರ್ಚು ಜಾಸ್ತಿ ಅಂತ ಕಂಪನಿ ಒಪ್ತಿಲ್ಲ. (ಗೌರಿಬಿದನೂರು)

ಒಂದು ಸಲವಾದರೂ ಸೇರಿ, ಅದೂ ಶುರುವಿನಲ್ಲೇ. ರೆಸಾರ್ಟ್ ಬೇಡ. ಅರ್ಧದಷ್ಟು ಜನ ಬೆಂಗಳೂರು ಸುತ್ತ ಇದ್ದರೆ ತುಮಕೂರು ಪಕ್ಕದ ಕ್ಯಾತ್ಸಂದ್ರಕ್ಕೆ ಬನ್ನಿ, ತಟ್ಟೆ ಇಡ್ಲಿ ತಿನ್ನಿ, ಅಲ್ಲಿಂದ ದೇವರಾಯನದುರ್ಗ ಹತ್ತಿ ಇಳಿಯಿರಿ. ಖರ್ಚು ಬಸ್ ಚಾರ್ಜು, ಇಡ್ಲಿ ದುಡ್ಡು. ನಂದಿ ಬೆಟ್ಟ ನಿಮಗೆ ಹತ್ತಿರ, ಒಪ್ಪಿದೆ, ಆದರೆ ಭಾನುವಾರ ಬೆಳಿಗ್ಗೆ ಮಾತ್ರ ಬೇಡ. ಸಲಿಗೆ ಬೆಳೆಸಲು ಹೋದವರು ಕಾರು ನಿಲ್ಲಿಸುವ ಜಾಗಕ್ಕೆ ಜಗಳ ಆಡಿಕೊಂಡು ಬರುತ್ತೀರಿ. ಅಲ್ಲಿ ಹೋಗಿ ಪ್ರೆಸೆಂಟೇಷನ್ ತೋರಿಸುವ ಲೀಡ್ ಇದ್ದರೆ ಅವರ ಚಾರ್ಜರ್ ಮನೆಯಲ್ಲೇ ಉಳಿಯುವ ಹಾಗೆ ನೋಡಿಕೊಳ್ಳಿ.

ಪ್ರಶ್ನೆ: ನಮ್ಮ ಆಫೀಸ್ ಗ್ರೂಪಿನಲ್ಲಿ ಒಬ್ಬರು ದಿನಾ ಬೆಳಿಗ್ಗೆ ಹೂವಿನ ಚಿತ್ರದ ಮೇಲೆ 'ಶುಭೋದಯ' ಹಾಕ್ತಾರೆ. ಬೇಡ ಅಂದರೆ ಬೇಜಾರಾಗ್ತಾರೆ. ಹೇಗೆ ನಿಲ್ಲಿಸೋದು? (ಚಿಕ್ಕಬಳ್ಳಾಪುರ)

ಕೆಲಸಕ್ಕೊಂದು ಗ್ರೂಪು, ಹರಟೆಗೊಂದು ಗ್ರೂಪು ಅಂತ ಬೇರೆ ಮಾಡಿ, ಹರಟೆ ಗ್ರೂಪಿಗೆ ಅವರನ್ನೇ ಅಡ್ಮಿನ್ ಮಾಡಿ. ಅದೂ ಆಗಲಿಲ್ಲ ಅಂದರೆ, ನೀವು ಹೇಗೂ ಚಿಕ್ಕಬಳ್ಳಾಪುರದವರು, ಪ್ರತಿ ಶುಭೋದಯದ ಕೆಳಗೆ 'ಇವತ್ತು ಮಾರ್ಕೆಟ್‌ನಲ್ಲಿ ಸೇವಂತಿಗೆ ಕೆಜಿ ಎಷ್ಟು?' ಅಂತ ಕೇಳುತ್ತಾ ಹೋಗಿ. ಒಂದೋ ಅವರು ನಿಲ್ಲಿಸುತ್ತಾರೆ, ಇಲ್ಲವಾ ನಿಜವಾಗಲೂ ರೇಟು ಹೇಳಲು ಶುರು ಮಾಡುತ್ತಾರೆ. ಎರಡನೆಯದಾದರೆ ನನ್ನನ್ನೂ ಆ ಗ್ರೂಪಿಗೆ ಸೇರಿಸಿ, ಹಬ್ಬ ಬರ್ತಾ ಇದೆ.